ಒಂದು ಗೇಣು ಮುಂದೆ

ಕಂಬಕ್ಕನನ್ನು ಓಡಿಸುವುದು ನೋಡುವವರ ಕಣ್ಣಿಗೆ ಮಕ್ಕಳಾಟ. ಮೇಜಿನ ಮೇಲೆ ಹೆಬ್ಬೆರಳುದ್ದದ ಒಂದು ಕಡ್ಡಿ, ಎದುರಿಗೆ ಪರದೆ, ಕಿವಿಗೆ ಹೆಡ್‌ಫೋನ್, ಅಷ್ಟೇ. ಕಡ್ಡಿಯನ್ನು ಮುಂದಕ್ಕೆ ನೂಕಿದರೆ, ಬೆಟ್ಟಸಾಲಿನ ಆಚೆ, ಬಸ್ಸಿನಲ್ಲಿ ಕೂತರೆ ಬೆಳಗಿನಿಂದ ಸಂಜೆಯವರೆಗೆ ಸೊಂಟ ಮುರಿಯುವಷ್ಟು ದೂರದ ಸಣ್ಣ ಆಸ್ಪತ್ರೆಯೊಂದರಲ್ಲಿ ಕಂಬಕ್ಕ ಮುಂದಕ್ಕೆ ಹೋಗುತ್ತಾಳೆ. ಕಂಬಕ್ಕ ಎಂದರೆ ರೋಬೋಟು. ಕೆಳಗೆ ನಾಲ್ಕು ಚಕ್ರ, ನಡುವೆ ಕಂಬ, ಕಂಬದ ತಲೆಯ ಮೇಲೆ ತಟ್ಟೆಯಗಲದ ಪರದೆ, ಸೊಂಟದ ಹತ್ತಿರ ಒಂದೇ ಒಂದು ಕೈ. ಕಂಪನಿಯವರು ಅದಕ್ಕೆ ಏನೋ ನಾಜೂಕಿನ ಹೆಸರಿಟ್ಟು ಕಳಿಸಿದ್ದರು. ರೋಗಿಗಳು ಆ ಹೆಸರನ್ನು ಒಂದು ವಾರವೂ ಬಾಳಗೊಡಲಿಲ್ಲ.

ಓಡಿಸುವ ನರ್ಸಿನ ಮುಖ ಕಂಬಕ್ಕನ ಪರದೆಯಲ್ಲಿ ಕಾಣುತ್ತದೆ. ದನಿ ಮಾತ್ರ ಅವರದಲ್ಲ. ಅಷ್ಟು ದೂರದಿಂದ ಬರುವಾಗ ಒಬ್ಬೊಬ್ಬರ ಮಾತು ಒಂದೊಂದು ಥರ ಒಡೆದು ಕೇಳುತ್ತದೆ ಎಂದು ರೋಗಿಗಳು ಗೋಳಾಡಿದ ಮೇಲೆ, ಯಾರು ಮಾತಾಡಿದರೂ ಒಂದೇ ದನಿಯಲ್ಲಿ ಹೊರಡುವಂತೆ ಮಾಡಿದ್ದರು. ಸಿಟ್ಟಿಲ್ಲ, ಶೀತವಿಲ್ಲ, ಅಳುವಿಲ್ಲ. ರೈಲು ತಡವಾಗಿದೆ ಎಂದು ಸಾರುವವರ ದನಿ ಅದು. ಸಂಜೆ ನೆಂಟರು ಮಾತಾಡುವ ಹೊತ್ತಿನಲ್ಲಿ ಮಾತ್ರ ಅವರವರ ದನಿ ಅವರವರದೇ. ಒಡೆದರೆ ಒಡೆಯಲಿ, ನಮ್ಮವರ ದನಿ ನಮ್ಮವರದೇ ಇರಲಿ ಎಂದು ರೋಗಿಗಳು ಹಟ ಹಿಡಿದು ಅಷ್ಟನ್ನು ಉಳಿಸಿಕೊಂಡಿದ್ದರು.

ಮಧ್ಯಾಹ್ನದ ಪಾಳಿಯ ನರ್ಸಿಗೆ ನಿಯಂತ್ರಣ ಕೋಣೆಯಲ್ಲಿ ರಿವರ್ಸಕ್ಕ ಎಂದು ಹೆಸರು ಬಿದ್ದಿತ್ತು. ಸುಮ್ಮನೆ ಬಿದ್ದದ್ದಲ್ಲ. ಕಂಬಕ್ಕನನ್ನು ಹಿಂದಕ್ಕೆ ತೆಗೆಯಬೇಕಾದಾಗಲೆಲ್ಲ ಅವಳು ಮೊದಲು ಒಂದು ಗೇಣು ಮುಂದಕ್ಕೆ ಹೋಗುತ್ತಿದ್ದಳು, ಆಮೇಲೆ ಹಿಂದಕ್ಕೆ. ಪಕ್ಕದ ಮೇಜಿನಲ್ಲಿ ಕೂರುವ ಯುವಕ, ವಾರ್ಡಿನ ಬಾಗಿಲುಗಳಿಗೆಲ್ಲ ಗೀರು ಹಾಕಿ ರಾಕೆಟ್ ಎಂಬ ಬಿರುದು ಗಳಿಸಿದವನು, ಅವಳನ್ನು ರೇಗಿಸದೆ ಟೀ ಕುಡಿಯುತ್ತಿರಲಿಲ್ಲ.

"ಅಕ್ಕಾ, ಬಂದೆ ಅಂತ ಒಂದ್ಸಲ, ಹೋದೆ ಅಂತ ಒಂದ್ಸಲ, ಮಂಚದ ಕಾಲಿಗೂ ಹೇಳ್ಬೇಕಾ?"

"ನೀನು ಬಾಗಿಲಿಗೆ ಗುದ್ದಿ ಹೇಳ್ತೀಯಲ್ಲ, ನಾನು ಮೆತ್ತಗೆ ಹೇಳ್ತೀನಿ" ಎನ್ನುತ್ತಿದ್ದಳು ಅವಳು. ಚಟವನ್ನು ಬಿಡಲು ಅವಳು ಎಂದೂ ಯತ್ನಿಸಿದವಳಲ್ಲ. ಯಾಕೆಂದರೆ ಅದು ಚಟ ಎಂದು ಮೊದಲು ಕಂಡುಹಿಡಿದವರು ಬೇರೆ ಒಬ್ಬರಿದ್ದರು, ಅವರು ಅವಳ ಬದುಕಿನಿಂದ ಹೋಗಿ ಬಹಳ ಕಾಲವಾಗಿತ್ತು, ಅವರ ನೆನಪಿಗೆ ಅವಳ ಬಳಿ ಉಳಿದದ್ದು ಅದೊಂದೇ ಆಗಿತ್ತು.

ಒಂದು ಮಧ್ಯಾಹ್ನ ಕಿಟಕಿ ಪಕ್ಕದ ಮಂಚಕ್ಕೆ ಹೊಸ ರೋಗಿ ಬಂದಿದ್ದರು. ಕಣ್ಣಿನ ಆಪರೇಶನ್. ಎಡಗಣ್ಣಿನ ಒಳಪರದೆ ಕಿತ್ತು ಬಂದಿತ್ತು. ಡಾಕ್ಟರು ಅದನ್ನು ಸೇರಿಸಿ, ಅದು ಜರುಗದ ಹಾಗೆ ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದರು. ಗುಳ್ಳೆ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ರೋಗಿ ಬೋರಲಾಗಿಯೇ ಬಿದ್ದಿರಬೇಕು. ಊಟ, ಬಚ್ಚಲು ಎಲ್ಲ ತಲೆ ತಗ್ಗಿಸಿಕೊಂಡೇ. ತಲೆ ಎತ್ತಿದರೆ ಕಣ್ಣು ಹೋಯಿತು. ಮುಖ ಹುದುಗಿಸಲು ಮಂಚದಲ್ಲೇ ಒಂದು ಕಿಂಡಿ. ಕಟ್ಟು ಹಾಕದ ಬಲಗಣ್ಣಿಗೆ ಆ ಕಿಂಡಿಯಿಂದ ಕಾಣುವುದು ನೆಲ, ಆಯಾಳ ಚಪ್ಪಲಿ, ಕಂಬಕ್ಕನ ಚಕ್ರ, ಅಷ್ಟೇ.

ಅವಳು ಕಂಬಕ್ಕನನ್ನು ಮಂಚದತ್ತ ಓಡಿಸಿದಳು. ಪರದೆಯಲ್ಲಿ ಮೊದಲು ಕಂಡದ್ದು ಹೊದಿಕೆಯಿಂದ ಹೊರಗೆ ಚಾಚಿದ ಎರಡು ಪಾದ. ಕಂಬಕ್ಕ ಹತ್ತಿರವಾಗುತ್ತಿದ್ದಂತೆ ಬಲಪಾದ ಹಾಸಿಗೆಯ ಅಂಚನ್ನು ಮೆಲ್ಲಗೆ ಒತ್ತಿತು. ಅವಳು ನಿಲ್ಲಿಸಿದಳು. ಪಾದ ಸಡಿಲಾಯಿತು. ಮತ್ತೆ ಮುಂದಕ್ಕೆ ನೂಕಿದಳು. ಪಾದ ಮತ್ತೆ ಒತ್ತಿತು.

ಪರದೆಯ ಮೂಲೆಯಲ್ಲಿ ರೋಗಿಯ ಹೆಸರು ಮೂಡುವುದಕ್ಕೆ ಮೊದಲೇ ಅವಳಿಗೆ ಗೊತ್ತಾಗಿ ಹೋಗಿತ್ತು. ಇಲ್ಲದ ಬ್ರೇಕನ್ನು ಹೀಗೆ ಒತ್ತುವ ಕಾಲು ಈ ಭೂಮಿಯ ಮೇಲೆ ಒಂದೇ ಇರುವುದು.

ಮೇಷ್ಟ್ರು. ಪಾಠದ ಮೇಷ್ಟ್ರಲ್ಲ, ಡ್ರೈವಿಂಗ್ ಮೇಷ್ಟ್ರು. ಅವರದೊಂದು ಹಳೇ ಕಾರಿತ್ತು, ಕಲಿಸುವ ಕಾರು. ಕಲಿಯುವವರ ಕಾಲಿಗೊಂದು ಬ್ರೇಕು, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಿಗೊಂದು ಬ್ರೇಕು. ಇಪ್ಪತ್ತರ ಹರೆಯದಲ್ಲಿ ಅವಳು ಆ ಕಾರಿನಲ್ಲಿ ಕಲಿಯಲು ಹೋಗಿ, ಲೈಸೆನ್ಸಿನ ಜೊತೆಗೆ ಮೇಷ್ಟ್ರನ್ನೂ ಮನೆಗೆ ತಂದುಕೊಂಡಿದ್ದಳು. "ಬಾನೆಟ್ ನೋಡ್ಬೇಡ, ಚಕ್ರ ನೋಡ್ಬೇಡ. ತಲೆ ಎತ್ತಿ ಮುಂದೆ ನೋಡು" ಎಂದು ಅವರು ದಿನಕ್ಕೆ ನೂರು ಸಲ ಹೇಳುತ್ತಿದ್ದರು. ಅವಳ ಒಂದು ಗೇಣಿನ ಚಟವನ್ನು ಬಿಡಿಸಲು ಹೋಗಿ ಸೋತು, "ಲೈಸೆನ್ಸ್ ಬಂದ್ರೂ ನೀನು ಎಲ್ ಬೋರ್ಡೇ" ಎಂದಿದ್ದರು. ಮದುವೆಯಾದ ಮೇಲೂ ಅವಳನ್ನು ಕರೆದದ್ದು ಎಲ್ ಬೋರ್ಡು ಎಂದೇ.

ತೊಂದರೆ ಏನೆಂದರೆ, ಮೇಷ್ಟ್ರ ಕಾಲು ಕಾರಿನಿಂದ ಇಳಿದ ಮೇಲೂ ಬ್ರೇಕಿನ ಮೇಲೇ ಇರುತ್ತಿತ್ತು. ಅವಳು ನರ್ಸಿಂಗ್ ಓದುತ್ತೇನೆ ಎಂದರೆ, ನಿಧಾನ. ಬೇರೆ ಮನೆ ನೋಡೋಣ ಎಂದರೆ, ನಿಧಾನ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ ಎಂದರೆ, ಅದಕ್ಕೂ ನಿಧಾನ. ಕೆಟ್ಟ ಮನುಷ್ಯರಲ್ಲ, ಕೈ ಎತ್ತಿದವರಲ್ಲ, ಕುಡಿದವರಲ್ಲ. ಆದರೆ ಸದಾ ಬ್ರೇಕಿನ ಮೇಲೆ ಕಾಲಿಟ್ಟವರ ಪಕ್ಕದಲ್ಲಿ ಕೂತು ಎಷ್ಟು ದೂರ ಹೋಗಲಾದೀತು? "ನನ್ನ ಕಾಲಡೀಲೂ ಒಂದು ಬ್ರೇಕ್ ಇದೆ ಕಣ್ರೀ" ಎಂದು ಒಂದು ದಿನ ಅವಳು ಬ್ಯಾಗು ತುಂಬಿಕೊಂಡಳು.

ಹೊರಟಾಗ ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವಳು ಹೊಸ್ತಿಲಲ್ಲಿ ನಿಂತು ಅವರ ಕಾಲನ್ನೇ ನೋಡಿದಳು. ಅದು ಅಲುಗಲಿಲ್ಲ. ಬದುಕಿಡೀ ಬೇಡದ ಕಡೆಯಲ್ಲೆಲ್ಲ ಬ್ರೇಕ್ ಹಾಕಿದ ಮನುಷ್ಯ, ಹಾಕಬೇಕಾದ ದಿನ ಸುಮ್ಮನೆ ಕೂತುಬಿಟ್ಟರು. ಅವಳೂ ಅಷ್ಟೇ, ಒಂದು ಗೇಣು ಹತ್ತಿರ ಹೋಗಿ ಹೇಳಿ ಹೊರಡುವವಳು, ಆ ದಿನ ಒಂದೇ ಸಲಕ್ಕೆ ತಿರುಗಿ ಹೊರಟುಬಿಟ್ಟಳು. ಆಮೇಲೆ ಕೋರ್ಟಿನ ಕಾಗದ ಬಂತು. ಇಬ್ಬರೂ ಮುಖ ಊದಿಸಿಕೊಂಡೇ ಸಹಿ ಹಾಕಿದರು.

"ಏನಾಯ್ತು? ಕೈ ಯಾಕೆ ನಡುಗ್ತಿದೆ?" ಹಿಂದಿನಿಂದ ಮೇಲ್ವಿಚಾರಕಿ ಕೇಳಿದರು. ಅವರ ಕಣ್ಣಿಗೆ ಬೀಳದೆ ಆ ಕೋಣೆಯಲ್ಲಿ ಯಾರೂ ಆಕಳಿಸಿದ್ದಿಲ್ಲ. "ಗೊತ್ತಿರೋರಾ? ನೆಂಟರಾ?"

ಆ ಕೋಣೆಯ ಮೊದಲ ನಿಯಮ ಅದೇ. ಸ್ವಂತದವರ ಮಂಚದ ಬಳಿಗೆ ಯಾರೂ ಕಂಬಕ್ಕನನ್ನು ಓಡಿಸುವಂತಿಲ್ಲ. ಎದುರಿಗೆ ನಿಂತು ಮಾಡುವ ಚಾಕರಿಯಲ್ಲಿ ಕೈ ನಡುಗಿದರೆ ಇನ್ನೊಂದು ಕೈ ಹಿಡಿದುಕೊಳ್ಳುತ್ತದೆ; ಇಲ್ಲಿ ಬೆರಳು ಕೂದಲೆಳೆಯಷ್ಟು ನಡುಗಿದರೆ ಅಲ್ಲಿ ಕಂಬಕ್ಕ ಮೊಳದುದ್ದ ಹಾರುತ್ತಾಳೆ.

"ಯಾರೂ ಅಲ್ಲ" ಎಂದಳು ಅವಳು.

ಕಾಗದದ ಮೇಲೆ ನಿಜವೇ. ಆದರೂ ನಾಲಿಗೆ ಸುಟ್ಟಂತಾಯಿತು. ಅವರ ಹತ್ತಿರ ಇರಬೇಕಾದರೆ ಅವರು ತನಗೆ ಯಾರೂ ಅಲ್ಲ ಎನ್ನಬೇಕು. ಎಂಥ ವಿಚಿತ್ರವಪ್ಪಾ ಎಂದುಕೊಂಡು, ಅವಳು ಬಲಗೈಯನ್ನು ಎಡಗೈಯಿಂದ ಹಿಸುಕಿಕೊಂಡು, ಕಡ್ಡಿಯನ್ನು ಮತ್ತೆ ಹಿಡಿದಳು.

ಮಾಡುವ ಕೆಲಸ ಬಹಳವೇನಿರಲಿಲ್ಲ. ಕಣ್ಣಿಗೆ ಹನಿ ಬಿಡುವುದು, ಒರೆಸುವುದು ಆಯಾಳ ಪಾಲು. ನೀರಿನ ಲೋಟಕ್ಕೆ ಕೊಳವೆ ಹಾಕಿ ಕಿಂಡಿಯ ಕೆಳಗೆ ಹಿಡಿಯುವುದು, ಮಾತ್ರೆ ಕೊಡುವುದು, ತಲೆ ಎತ್ತದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಕಂಬಕ್ಕನ ಪಾಲು. ಮೊದಲ ದಿನ ನೀರು ಕುಡಿಸಿ, ಅವಳು ಒಂದು ಗೇಣು ಮುಂದೆ ಹೋಗಿ, ಹಿಂದಕ್ಕೆ ತೆಗೆದಳು.

ಕಿಂಡಿಯ ಕೆಳಗಿನಿಂದ ಮೇಷ್ಟ್ರ ದನಿ ಬಂತು. "ಯಾರಮ್ಮಾ ನಿಂಗೆ ಓಡಿಸೋಕೆ ಕಲಿಸಿದ್ದು?"

ಅವಳು ಹೇಗೋ ಎರಡು ಪದ ಹೊರಡಿಸಿದಳು. ಕಂಬಕ್ಕ ಅದನ್ನು ರೈಲಿನ ದನಿಯಲ್ಲಿ ಹೇಳಿದಳು. "ಕಂಪನಿಯವರು, ಸರ್."

"ಕಂಪನಿಯವರು ಇಂಥದ್ದೆಲ್ಲ ಕಲಿಸಲ್ಲ" ಎಂದರು ಮೇಷ್ಟ್ರು.

ಅವತ್ತಿನಿಂದ ಅವಳಿಗೆ ಎರಡು ಜೀವ ಬಂತು. ಒಂದು ಜೀವಕ್ಕೆ, ಇವರಿಗೆ ಗೊತ್ತಾಗಲಿ, ನಾನೇ ಎಂದು ತಿಳಿಯಲಿ, ಒಂದೇ ಒಂದು ಸಲ ನನ್ನ ಮುಖ ನೋಡಲಿ ಎಂಬ ಆಸೆ. ಇನ್ನೊಂದು ಜೀವಕ್ಕೆ ಅದರದೇ ಭಯ. ತಿಳಿದರೆ ತಲೆ ಎತ್ತಿಯೇ ಎತ್ತುತ್ತಾರೆ. ಮುಖ ಅಲ್ಲೇ, ಅವರ ತಲೆಯಿಂದ ಒಂದು ಮೊಳ ಮೇಲೆ, ಪರದೆಯಲ್ಲಿ ತೂಗುತ್ತಿದೆ. ಎತ್ತಿದರೆ ಕಣ್ಣು ಹೋಗುತ್ತದೆ. ಒಂದು ಕಣ್ಣು ಹೋದವರ ಕೈಗೆ ಕಲಿಸುವ ಕಾರು ಕೊಡುವವರಿಲ್ಲ. ಕಾರಿಲ್ಲದ ಮೇಷ್ಟ್ರು ಹೇಗಿರುತ್ತಾರೆ ಎಂದು ಅವಳಿಗೆ ಊಹಿಸಲೂ ಆಗಲಿಲ್ಲ.

ಮನೆಯಲ್ಲಿ ಒಬ್ಬಳೇ ಕೂತು ಊಟ ಮಾಡುವಾಗ ಆ ಬೆನ್ನು ಕಣ್ಣ ಮುಂದೆ ಬರುತ್ತಿತ್ತು. ಭುಜ ಇಳಿದಿತ್ತು, ಕುತ್ತಿಗೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈ ಚಾಚಿದರೆ ಸಿಕ್ಕಿಬಿಡುವಂತೆ ಪರದೆಯ ತುಂಬಾ ಇರುವ ಆ ಬೆನ್ನನ್ನು ಒಂದು ಸಲ ಸವರಬೇಕು ಎನಿಸಿ ಅವಳ ಕೈ ನೋಯುತ್ತಿತ್ತು. ಕಂಬಕ್ಕನಿಗೆ ಕೈ ಇತ್ತು ನಿಜ, ಲೋಟ ಹಿಡಿಯುವ ಕೈ. ಅದರಿಂದ ಸವರಿಸಿ ಏನು ಸುಖ?

ಮೇಷ್ಟ್ರು ದಿನವೂ ಮಾತಾಡುತ್ತಿದ್ದರು. ಅವಳ ಬಗ್ಗೆ ಮಾತ್ರ ಏನೂ ಕೇಳುತ್ತಿರಲಿಲ್ಲ. ಬೇರೆ ಓಡಿಸುವವರನ್ನು ಗೇಲಿ ಮಾಡುತ್ತಿದ್ದರು. "ಬೆಳಿಗ್ಗೆ ಒಬ್ಬ ಬರ್ತಾನೆ, ಚಕ್ರದಿಂದ ಹೊಗೆ ಬರೋ ಹಾಗೆ. ಅವನನ್ನ ಯಾರೋ ಅಟ್ಟಿಸ್ಕೊಂಡು ಬರ್ತಿದ್ದಾರೆ ಅನ್ಸುತ್ತೆ" ಎಂದು ರಾಕೆಟ್ಟನ್ನು ಚಕ್ರದಿಂದಲೇ ಅಳೆದಿದ್ದರು. ಒಂದು ದಿನ, ಯಾರನ್ನೂ ಕುರಿತಲ್ಲ ಎಂಬಂತೆ, "ನಂಗೊಬ್ಳು ಹಳೇ ಶಿಷ್ಯೆ ಇದ್ಳು" ಎಂದು ಶುರು ಮಾಡಿ, ಸುಮ್ಮನಾಗಿ, "ಚೆನ್ನಾಗಿ ಓಡಿಸ್ತಿದ್ಳು. ನಾನು ಹೇಳ್ಲಿಲ್ಲ ಅಷ್ಟೇ" ಎಂದು ಮುಗಿಸಿಬಿಟ್ಟರು.

ಇವರಿಗೆ ಅರ್ಧ ಗೊತ್ತಾಗಿದೆ ಎಂದು ಅವಳಿಗೆ ಜೀವ ಬಾಯಿಗೆ ಬಂತು. ಇನ್ನು ಆ ಚಟ ಬಿಡಲೇಬೇಕು ಎಂದು ತೀರ್ಮಾನಿಸಿದಳು. ಜಾಣತನವೆಂದರೆ ಇದೇ, ಎಷ್ಟೋ ವರ್ಷ ಬೆರಳಿಗೆ ಅಂಟಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕಿತ್ತು ಹಾಕುತ್ತೇನೆ ಎನ್ನುವುದು.

ತಲೆ ಎತ್ತಲು ಒಪ್ಪಿಗೆ ಸಿಗುವ ಮುನ್ನಾದಿನ ಅದು. ನೀರು ಕುಡಿಸಿ ಮುಗಿದ ಮೇಲೆ ಅವಳು ಹಲ್ಲು ಕಚ್ಚಿ, ಮುಂದೆ ಹೋಗದೆ, ಕಡ್ಡಿಯನ್ನು ನೇರ ಹಿಂದಕ್ಕೆ ಎಳೆದಳು. ಬೆರಳು ಬೇರೆಯದೇ ಮಾತು ಕೇಳಿತು, ಕಡ್ಡಿ ಒಂದು ಪಕ್ಕಕ್ಕೆ ವಾಲಿತು, ಕಂಬಕ್ಕ ಅಡ್ಡಡ್ಡ ಹೋಗಿ ಔಷಧಿ ಗಾಡಿಗೆ ಬಡಿದಳು. ಸ್ಟೀಲ್ ತಟ್ಟೆ, ಬಾಟಲಿ, ಕತ್ತರಿ, ಎಲ್ಲ ನೆಲಕ್ಕೆ ಬಿದ್ದು ಇಡೀ ವಾರ್ಡು ಬೆಚ್ಚಿತು. ಮೇಷ್ಟ್ರ ಬಲಗಾಲು ಹಾಸಿಗೆಯನ್ನು ಬಲವಾಗಿ ಒತ್ತಿತು. ಭುಜ ಮೇಲಕ್ಕೆದ್ದಿತು. ತಲೆ ಕಿಂಡಿಯಿಂದ ಮೇಲೆ ಬರಲಿದ್ದುದನ್ನು ಅವಳು ಕಂಡಳು.

ಅವಳು ಕಡ್ಡಿಯನ್ನು ಬಿಟ್ಟುಬಿಟ್ಟಳು.

ತಲೆ ಅಲ್ಲೇ ನಿಂತಿತು. ಮೆಲ್ಲಗೆ ಮತ್ತೆ ಕಿಂಡಿಯೊಳಗೆ ಇಳಿಯಿತು.

"ನಿನ್ನ ಥರಾನೇ ಓಡಿಸು, ಎಲ್ ಬೋರ್ಡು" ಎಂದರು ಮೇಷ್ಟ್ರು, ನೆಲಕ್ಕೆ ಹೇಳಿದಂತೆ. "ಬೇರೆಯವರ ಥರ ಓಡಿಸೋಕೆ ಹೋಗ್ಬೇಡ. ನಾನು ತಲೆ ಎತ್ತಲ್ಲ. ಮೊದಲ್ನೇ ದಿನದಿಂದ ಎತ್ತಿಲ್ಲ, ಇವತ್ತೂ ಎತ್ತಲ್ಲ."

ಅವಳು ಕಂಬಕ್ಕನನ್ನು ಮೆಲ್ಲಗೆ ಮುಂದಕ್ಕೆ ತಂದು, ಚಕ್ರಗಳು ಸರಿಯಾಗಿ ಕಿಂಡಿಯಿಂದ ಕಾಣುವಂತೆ ನಿಲ್ಲಿಸಿದಳು. ಅವರು ಚಕ್ರ ನೋಡಿದರು, ಅವಳು ಬೆನ್ನು ನೋಡಿದಳು. ಅವಳು ಅಳುತ್ತಿದ್ದಳು, ಆದರೆ ಅಳುವನ್ನು ಹೊರಡಿಸಲು ಕಂಬಕ್ಕನಿಗೆ ಬಾರದು. ಮೇಷ್ಟ್ರ ಕೈ ಮಂಚದ ಪಕ್ಕದಿಂದ ಇಳಿದು, ತಡಕಾಡಿ, ಚಕ್ರದ ಮೇಲಿನ ರಬ್ಬರು ಅಂಚನ್ನು ಹಿಡಿದುಕೊಂಡಿತು. ಅಲ್ಲಿ ಹಿಡಿದರೆ ಇಲ್ಲಿ ಏನೂ ತಿಳಿಯುವುದಿಲ್ಲ. ಆದರೂ ಅವಳು ಕಡ್ಡಿಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು, ಅಪ್ಪಿತಪ್ಪಿ ಕದಲಬಾರದೆಂದು.

ಕೆಳಗೆ ಬಿದ್ದದ್ದನ್ನು ಆಯುತ್ತಿದ್ದ ಆಯಾ ಇದನ್ನೆಲ್ಲ ಕಿವಿ ನಿಮಿರಿಸಿ ಕೇಳಿಸಿಕೊಂಡಿದ್ದಳು. ಕೆಟ್ಟ ಹೆಂಗಸಲ್ಲ, ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ, ಅಷ್ಟೇ. ಪಾಳಿ ಮುಗಿಯುವ ಮುಂಚೆ ಮಾತು ಬೆಟ್ಟ ದಾಟಿ ಬಂದಿತ್ತು.

ಮೇಲ್ವಿಚಾರಕಿ ಅವಳನ್ನು ಕಿಟಕಿಯ ಬಳಿ ಕರೆದರು. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ಇನ್ನೊಂದ್ಸಲ ಕೇಳ್ತೀನಿ. ನಾಳೆ ಮಧ್ಯಾಹ್ನ ಅವರು ತಲೆ ಎತ್ತೋದು ನಿಮ್ಮ ಪಾಳಿಯಲ್ಲೇ. ಯಾರೂ ಅಲ್ಲ ಅಂದ್ರೆ ನೀವೇ ಓಡಿಸ್ತೀರಿ, ಇವತ್ತಿಂದು ಕೈತಪ್ಪು ಅಂತ ಬಿಡ್ತೀನಿ. ನಿಮ್ಮೋರು ಅಂದ್ರೆ ಇನ್ನು ಆ ವಾರ್ಡಿಗೆ ನೀವು ಹೋಗೋ ಹಾಗಿಲ್ಲ. ಯೋಚ್ನೆ ಮಾಡಿ ಹೇಳಿ."

ಯೋಚನೆ ಮಾಡುವುದೇನಿತ್ತು! ನಾಳೆ ಅವರು ತಲೆ ಎತ್ತುತ್ತಾರೆ. ಎದುರಿಗೆ ಪರದೆಯಲ್ಲಿ ಅವಳ ಮುಖವೇ ಇರುತ್ತದೆ. ಇಷ್ಟು ವರ್ಷ ಬಯಸಿದ್ದು ಅದೊಂದನ್ನೇ, ಇನ್ನೊಂದು ಸಲ "ಯಾರೂ ಅಲ್ಲ" ಎಂದರೆ ಅದು ಕೈಗೆ ಬಂತು. ನಾಲಿಗೆಯ ತುದಿಗೇ ಬಂದಿತ್ತು ಮಾತು. ಆಗ ಕಣ್ಣ ಮುಂದೆ ಆ ಭುಜ ಮೇಲಕ್ಕೆದ್ದದ್ದು ಬಂತು. ಅವರು ತಡೆದುಕೊಂಡರು, ಕಣ್ಣು ಉಳಿಯಿತು. ತನ್ನ ಕೈಯಿಂದಾಗಿ ಅಲ್ಲ, ತನ್ನ ಕೈಯನ್ನೂ ಮೀರಿ ಉಳಿಯಿತು. ಅಲ್ಲದೆ, ಇಷ್ಟು ದಿನ ತಲೆ ಎತ್ತದೆ ಚಕ್ರಗಳಿಂದಲೇ ತನ್ನನ್ನು ಎಲ್ ಬೋರ್ಡು ಎಂದು ಗುರುತಿಸಿದ ಮನುಷ್ಯನನ್ನು ಇನ್ನೊಂದು ಸಲ ಯಾರೂ ಅಲ್ಲ ಎನ್ನಲು ಅವಳಿಂದ ಆಗಲಿಲ್ಲ.

"ನಮ್ಮೋರು ಮೇಡಂ" ಎಂದಳು. "ಕಾಗದದ ಮೇಲೆ ಅಲ್ಲ. ಆದ್ರೂ ನಮ್ಮೋರೇ."

ಮೇಲ್ವಿಚಾರಕಿ ತಲೆಯಾಡಿಸಿದರು. "ಹಾಗಾದ್ರೆ ನಾಳೆ ಸಂಜೆ ನೆಂಟರ ಹೊತ್ತಿಗೆ ಬನ್ನಿ" ಎಂದಷ್ಟೇ ಹೇಳಿ, ಮಧ್ಯಾಹ್ನದ ಪಾಳಿಗೆ ರಾಕೆಟ್ಟನ್ನು ಹಾಕಿದರು.

ಹೀಗಾಗಿ ಮರುದಿನ ಮೇಷ್ಟ್ರು ತಲೆ ಎತ್ತಿದಾಗ ಮೊದಲು ಕಂಡದ್ದು ಕಿವಿಯಿಂದ ಕಿವಿಗೆ ಹಲ್ಲು ಕಿರಿದ ರಾಕೆಟ್ಟಿನ ಮುಖ. ಅವರು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ ಮತ್ತೆ ತಲೆ ತಗ್ಗಿಸಿದರಂತೆ. ರಾಕೆಟ್ ಬಂದು ಇದನ್ನು ಹೇಳುವಾಗ ಮೊದಲ ಸಲ ರೇಗಿಸಲಿಲ್ಲ.

ಸಂಜೆ ಅವಳು ನೆಂಟರ ಕೋಣೆಗೆ ಹೋದಳು. ನಿಯಂತ್ರಣ ಕೋಣೆಯ ಮಗ್ಗುಲಲ್ಲೇ ಇರುವ ಒಂದು ಗೂಡು. ಒಂದು ಸ್ಟೂಲು, ಒಂದು ಕ್ಯಾಮೆರಾ, ಒಂದು ಪರದೆ, ಕಡ್ಡಿ ಮಾತ್ರ ಇಲ್ಲ. ಆ ಹೊತ್ತಿನಲ್ಲಿ ಕಂಬಕ್ಕನ ಪರದೆಯಲ್ಲಿ ನೆಂಟರ ಮುಖ; ಅವರು ನೋಡಬಹುದು, ಮಾತಾಡಬಹುದು, ಓಡಿಸುವಂತಿಲ್ಲ. ತೆರೆದ ಬಾಗಿಲಾಚೆ ರಾಕೆಟ್ ಕಡ್ಡಿ ಹಿಡಿದು ಕೂತಿದ್ದ. ಅವಳು ಕೂದಲು ಸರಿಪಡಿಸಿಕೊಂಡಳು, ಆಮೇಲೆ ಯಾಕೆ ಸರಿಪಡಿಸಿಕೊಂಡೆನೋ ಎಂದು ನಾಚಿದಳು. ಅವರು ನೋಡಿದ್ದ ಮುಖಕ್ಕೂ ಈ ಮುಖಕ್ಕೂ ನಡುವೆ ಎಷ್ಟೊಂದು ಕಾಲ ಕಳೆದಿತ್ತು.

ಮೇಷ್ಟ್ರು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ರಾಕೆಟ್ ಎಂದಿನಂತೆ ಸರ್ರನೆ ಹೋಗಿ ಗಕ್ಕನೆ ನಿಲ್ಲಿಸಿದ. ಅವರು ಚಕ್ರಗಳನ್ನು ನೋಡಿದರು. ಅಷ್ಟು ದಿನದ ರೂಢಿ. ನೋಡಿ, ಮುಖ ಸಪ್ಪಗಾಗಿ, "ಅವಳು ಬರ್ಲಿಲ್ಲ" ಎಂದರು ಆಯಾಳಿಗೆ. ತಲೆ ಎತ್ತಲೇ ಇಲ್ಲ.

ಅವಳಿಗೆ ನಗು ಬಂತು.

"ಚಕ್ರ ನೋಡ್ಬೇಡಿ" ಎಂದಳು. ಈ ಸಲ ರೈಲಿನ ದನಿಯಲ್ಲ, ಒಡೆದು ಬರುವ ಅವಳದೇ ದನಿ. "ತಲೆ ಎತ್ತಿ ಮುಂದೆ ನೋಡಿ."

ಮೇಷ್ಟ್ರು ತಲೆ ಎತ್ತಿದರು. ಕಟ್ಟು ಇಲ್ಲದ ಒಂದು ಕಣ್ಣು, ಅದರ ತುಂಬ ನೀರು. ನೋಡಿದರು, ನೋಡಿದರು. ಅವಳು ಹೇಳಲು ಕಟ್ಟಿಟ್ಟುಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ. ಕೊನೆಗೆ ಅವರೇ, "ತಲೆ ಬಾಚ್ಕೊಂಡು ಬಂದಿದ್ದೀಯ" ಎಂದರು.

"ನೀವು ಬಾಚ್ಕೊಂಡಿಲ್ಲ" ಎಂದಳು ಅವಳು.

"ಬೋರಲು ಮಲ್ಗಿದ್ದೋನಿಗೆ ಬಾಚಣಿಗೆ ಯಾಕೆ" ಎಂದರು. ಆಮೇಲೆ, ಹಳೇ ಸಿಟ್ಟಿನವರ ಹಾಗೆ ಗೋಡೆಯ ಕಡೆ ತಿರುಗಿ, "ಅವತ್ತು ಕಾಲು ಎದ್ದೇ ಬರ್ಲಿಲ್ಲ ಕಣೇ. ಒತ್ತಬೇಕು ಅಂತ ಗೊತ್ತಿತ್ತು. ಆದ್ರೆ ಬರ್ಲಿಲ್ಲ" ಎಂದರು. ಯಾವತ್ತು ಎಂದು ಅವಳು ಕೇಳಲಿಲ್ಲ.

ಹೊತ್ತು ಮುಗಿಯಿತೆಂದು ಪರದೆಯ ಮೂಲೆಯಲ್ಲಿ ದೀಪ ಮಿನುಗಿತು. ಪಕ್ಕದ ಮಂಚದವರ ನೆಂಟರು ಕಾಯುತ್ತಿದ್ದರು. ರಾಕೆಟ್ ಬಾಗಿಲಿನಿಂದ ಇಣುಕಿ, ಹೊರಡೋಣವಾ ಎಂದು ಕಣ್ಣಲ್ಲೇ ಕೇಳಿದ.

"ಹಿಂದೆ ತಗೋ" ಎಂದಳು ಅವಳು. "ಆದ್ರೆ ಮೊದ್ಲು ಒಂದು ಗೇಣು ಮುಂದೆ ಹೋಗಪ್ಪ. ನನ್ನ ಥರ."

ರಾಕೆಟ್ ಉಸಿರು ಬಿಗಿಹಿಡಿದು, ಬದುಕಿನಲ್ಲಿ ಮೊದಲ ಸಲ ಮೆಲ್ಲಗೆ, ಕಡ್ಡಿಯನ್ನು ಮುಂದಕ್ಕೆ ನೂಕಿದ. ಕಂಬಕ್ಕ ಒಂದು ಗೇಣು ಮುಂದೆ ಹೋದಳು. ಮೇಷ್ಟ್ರ ಮುಖ ಪರದೆ ತುಂಬಿತು. ಆಮೇಲೆ ಹಿಂದಕ್ಕೆ ಸರಿಯತೊಡಗಿದಳು. ಮುಖ ಚಿಕ್ಕದಾಯಿತು, ಭುಜ ಬಂತು, ಮಂಚ ಬಂತು, ನೆಲದ ಮೇಲೆ ಊರಿದ ಎರಡು ಪಾದ ಬಂದವು.

ಬಲಪಾದ ನೆಲವನ್ನು ಒತ್ತಿತು. ಬೆರಳುಗಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಒತ್ತಿತು, ಮತ್ತೆ ಎತ್ತಲಿಲ್ಲ.

"ನಿಲ್ಸಪ್ಪ" ಎಂದಳು ಅವಳು ರಾಕೆಟ್ಟಿಗೆ. "ಆ ಕಡೆಯಿಂದ ಬ್ರೇಕ್ ಬಿದ್ದಿದೆ."